ಕುಕ್ಕಿ ತುಂಬಿದ ಟ್ಯಾಂಕು

ನಮ್ಮ ಮೇಷ್ಟ್ರು ಜೀವಮಾನದಲ್ಲಿ ಒಂದು ವಾದವನ್ನೂ ಸೋತವರಲ್ಲ ಎಂದು ಮೊನ್ನೆಯ ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲರೂ ಹೇಳಿದರು. ಅದು ಸುಳ್ಳು. ಒಂದನ್ನು ಸೋತಿದ್ದರು. ಕೊಪ್ಪದ ಬಸ್ ಸ್ಟ್ಯಾಂಡಿನ ಪಕ್ಕ ಬಾಡಿಗೆ ಕಾರುಗಳು ನಿಲ್ಲುವ ಜಾಗದಲ್ಲಿ, ಮಧ್ಯಾಹ್ನದ ಬೆಳಕಿನಲ್ಲಿ, ಚಾ ಕುಡಿಯುತ್ತಿದ್ದ ಜನರೆದುರು ಸೋತಿದ್ದರು. ಅವರನ್ನು ಸೋಲಿಸಿದ್ದೂ ಅವರೇ. ನಾನು ಪಕ್ಕದಲ್ಲಿ ನಿಂತು ನೋಡಿದವಳು. ಹಾಗಿದ್ದೂ ಸಭೆಯಲ್ಲಿ ಕೊನೆಯ ಸರದಿಗಾಗಿ ಕಾಯುತ್ತ ಕೂತಿದ್ದಾಗ ನನ್ನ ಭಾಷಣದ ಮೊದಲ ವಾಕ್ಯವೂ "ಸೋಲರಿಯದ ಮಾತುಗಾರ" ಎಂದೇ ಶುರುವಾಗುವಂತೆ ಸಿದ್ಧವಾಗಿತ್ತು. ಕೂತಲ್ಲೇ ಕಿವಿ ಬಿಸಿಯಾಯಿತು.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ಕಡೆಯ ಶಿಷ್ಯರು ನನ್ನೊಡನೆ ಜಗಳಕ್ಕೆ ಬರುತ್ತಾರೆ. ಜಗಳಕ್ಕೆ ನಾನು ಹೆದರುವವಳಲ್ಲ. ಆದರೆ ಅವರೆಲ್ಲರೂ ಮೇಷ್ಟ್ರು ಕಲಿಸಿದ ಪಟ್ಟುಗಳನ್ನೇ ಹಾಕುತ್ತಾರೆ, ನಾನೂ ಅವನ್ನೇ ಹಾಕುತ್ತೇನೆ, ಕೊನೆಗೆ ಅದು ಮೇಷ್ಟ್ರು ತಮ್ಮೊಡನೆ ತಾವೇ ಜಗಳವಾಡಿದಂತೆ ಇರುತ್ತದೆ.

ಕಾಲೇಜಿನಲ್ಲಿ ಅವರು ಪಾಠ ಮಾಡುತ್ತಿದ್ದದ್ದು ಇತಿಹಾಸ. ಕಲಿಸುತ್ತಿದ್ದದ್ದು ಚರ್ಚೆ. ಸ್ಪರ್ಧೆಗೆ ಆಯ್ಕೆಯಾದವರನ್ನು ಸಂಜೆ ಖಾಲಿ ಕ್ಲಾಸಿನಲ್ಲಿ ನಿಲ್ಲಿಸಿ, ಯಾರು ಏನನ್ನು ನಂಬುತ್ತಾರೆಂದು ಮೊದಲು ಕೇಳಿ ತಿಳಿದು, ಅದಕ್ಕೆ ತದ್ವಿರುದ್ಧವಾದ ಪಕ್ಷವನ್ನು ಅವರ ತಲೆಗೆ ಕಟ್ಟುತ್ತಿದ್ದರು. ದೇವರನ್ನು ನಂಬದ ನಾನು ಒಂದು ವಾರವಿಡೀ ಹರಕೆಗಳ ಪರವಾಗಿ ವಾದಿಸಿದ್ದೇನೆ. ಚೆನ್ನಾಗಿಯೇ ವಾದಿಸಿದೆ. ನಮ್ಮಮ್ಮನಿಗೆ ಒಂದಿಷ್ಟು ದಿನ ಆಸೆ ಚಿಗುರಿತ್ತು.

ಅವರ ಎರಡು ಪಾಠಗಳು ಎಲ್ಲ ಶಿಷ್ಯರಿಗೂ ಬಾಯಿಪಾಠ. ಒಂದು, ಹಿತ್ತಿಲ ಬಾಗಿಲು. "ನೋಡು ಮಾರಾಯ್ತಿ, ಹೆಬ್ಬಾಗಿಲಿಂದ ಒಳಗೆ ಹೋಗುವಾಗಲೇ ಹಿತ್ತಿಲ ಬಾಗಿಲು ಎಲ್ಲುಂಟು ಅಂತ ನೋಡಿಟ್ಕೋಬೇಕು. 'ಇದು ಹೀಗೇ' ಅಂತ ಯಾವತ್ತೂ ಅನ್ಬೇಡ. 'ಇದು ಹೀಗಿರಬಹುದಲ್ಲವೇ' ಅನ್ನು. ನಾಳೆ ಹಾಗಲ್ಲ ಅಂತಾದ್ರೆ ಮೆಲ್ಲ ಹೊರಗೆ ಬರ್ಲಿಕ್ಕಾಗ್ತದೆ." ಇನ್ನೊಂದು ಇದರ ಮುಂದುವರಿಕೆ. "ಆರೋಪ ಮಾಡ್ಬೇಡ, ಪ್ರಶ್ನೆ ಕೇಳು. ಆರೋಪ ಮಾಡಿದ್ರೆ ಸಾಕ್ಷಿ ಎಲ್ಲಿ ಅಂತಾರೆ. ಪ್ರಶ್ನೆಗೆ ಯಾರು ಸಾಕ್ಷಿ ಕೇಳ್ತಾರೆ?"

ಶೃಂಗೇರಿಯ ಒಂದು ಸ್ಪರ್ಧೆಯಲ್ಲಿ ಇದನ್ನು ಪ್ರಯೋಗಿಸಿದೆ. ಯಂತ್ರಗಳು ಮನುಷ್ಯನನ್ನು ಕೆಡಿಸಿವೆ ಎಂದು ಅಡ್ಡಗದ್ದೆಯ ಕಡೆಯ ಒಬ್ಬ ಹುಡುಗ ಮನಸ್ಸಿಟ್ಟು ಮಾತಾಡಿ ಕೂತ. ನಾನು ಎದ್ದು, "ಹಾಗಾದರೆ ಮುಂದಿನ ಸಲ ಇವರ ಮೈಕು ತೆಗೆಸಿಬಿಡೋಣವೇ?" ಎಂದು ಕೇಳಿದೆ. ಸಭೆ ನಕ್ಕಿತು. ಅವನು ಹೇಳಿದ ಯಾವುದಕ್ಕೂ ನಾನು ಉತ್ತರ ಕೊಡಬೇಕಾಗಿಯೇ ಬರಲಿಲ್ಲ. ವಾಪಸು ಬರುವಾಗ ಮೇಷ್ಟ್ರು ಬಸ್ ನಿಂತಲ್ಲಿ ಬನ್ಸ್ ಕೊಡಿಸಿದರು. "ಅವನ ವಾದ ಒಳ್ಳೇದಿತ್ತು. ಗೆದ್ದದ್ದು ನೀನು. ಎರಡೂ ಬೇರೆ ಬೇರೆ," ಎಂದರು. ಆಗ ಅದು ಹೊಗಳಿಕೆಯೆಂದು ತಿಳಿದಿದ್ದೆ.

ಮೇಷ್ಟ್ರ ಮುಖ ನೆನೆದರೆ ಮೊದಲು ಕಾಣುವುದು ಕನ್ನಡಕ ಒರೆಸುವ ಕೈ. ಯಾರಾದರೂ ಸಿಕ್ಕಿಸುವಂಥ ಮಾತು ಎಸೆದರೆ ಅವಸರವಿಲ್ಲದೆ ಕನ್ನಡಕ ತೆಗೆದು, ಶರ್ಟಿನ ತುದಿಯಿಂದ ಒಂದು ಗಾಜು, ಮತ್ತೊಂದು ಗಾಜು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮೂಗಿನ ಮೇಲೆ ಕೂರಿಸುತ್ತಿದ್ದರು. ಅಷ್ಟರಲ್ಲಿ ಉತ್ತರ ಸಿದ್ಧ. "ಗಾಜು ಕ್ಲೀನಾಗೇ ಇರ್ತದೆ, ಒರೆಸೋದು ಒಳಗಿಂದು," ಎಂದು ಒಮ್ಮೆ ಗುಟ್ಟು ಬಿಟ್ಟುಕೊಟ್ಟಿದ್ದರು.

ಮೂಗಿನ ವಿಷಯವನ್ನೂ ಹೇಳಬೇಕು. ಅವರು ನಶ್ಯ ಏರಿಸುತ್ತಿದ್ದರು. ಹರೆಯದಿಂದಲೂ. ಅದರಿಂದಾಗಿ ಆ ಮೂಗಿಗೆ ಸಾರು ಸೀದದ್ದೂ ಗೊತ್ತಾಗುತ್ತಿರಲಿಲ್ಲ, ಗ್ಯಾಸ್ ಬಿಟ್ಟದ್ದೂ ಗೊತ್ತಾಗುತ್ತಿರಲಿಲ್ಲ. ಇದನ್ನು ಅವರು ಕೊರತೆಯೆಂದು ಒಪ್ಪಿದವರಲ್ಲ. ತಮಗೆ ಬಾರದ ವಾಸನೆ ಇಲ್ಲದ ವಾಸನೆ ಎಂಬುದು ಅವರ ನಿಲುವು.

ನಿವೃತ್ತಿಯಾದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಬೂದು ಬಣ್ಣದ ಪೆಟ್ರೋಲ್ ಕಾರು ತೆಗೆದುಕೊಂಡರು. ಆ ಕಾರಿಗೆ ಪೆಟ್ರೋಲ್ ಹಾಕಿಸುವುದು ನೋಡಲೇಬೇಕಾದ ಪ್ರಸಂಗ. ಟ್ಯಾಂಕು ತುಂಬಿದಾಗ ಪಂಪಿನ ಗನ್ನು ತಾನಾಗಿಯೇ ಟಕ್ ಎಂದು ನಿಲ್ಲುತ್ತದೆ. ಎಲ್ಲರೂ ಅಲ್ಲಿಗೆ ಮುಗಿಸುತ್ತಾರೆ. ಮೇಷ್ಟ್ರು ಆಗ ಕಾರಿನಿಂದ ಇಳಿಯುತ್ತಿದ್ದರು. ಹಿಂದೆ ಹೋಗಿ ಡಿಕ್ಕಿಯ ಮೇಲೆ ಎರಡೂ ಅಂಗೈ ಊರಿ ಕಾರನ್ನು ಕುಕ್ಕುತ್ತಿದ್ದರು. ಒತ್ತುವುದು, ಬಿಡುವುದು, ಒತ್ತುವುದು, ಬಿಡುವುದು. "ಈಗ ಹಾಕು ಮಾರಾಯ, ಈಗ ಹಿಡೀತದೆ." ಪಂಪಿನವರು ನಗುತ್ತ ಮತ್ತೆ ಹಾಕುತ್ತಿದ್ದರು. ಟಕ್. ಮತ್ತೆ ಕುಕ್ಕು. ಪೆಟ್ರೋಲು ಕುತ್ತಿಗೆಗೆ ಬಂದು ಮಿನುಗಿದ ಮೇಲೆಯೇ ಮುಚ್ಚಳ.

ಅವರ ತಾಯಿ ಹಿರೇಕೊಡಿಗೆಯಲ್ಲಿ ಅಕ್ಕಿ ಅಳೆಯುತ್ತಿದ್ದದ್ದು ಹೀಗೆಯಂತೆ. ಸೇರನ್ನು ನೆಲಕ್ಕೆ ಕುಕ್ಕಿ, ಅಕ್ಕಿ ಕೂತ ಮೇಲೆ ಇನ್ನೊಂದು ಹಿಡಿ ಹಾಕಿ, ಮತ್ತೆ ಕುಕ್ಕಿ, ಮೇಲೆ ಗೋಪುರ ನಿಲ್ಲಿಸಿ ಕೊಡುವುದು. ಕುಕ್ಕದೆ ಕೊಟ್ಟ ಸೇರು ಆ ಮನೆಯಲ್ಲಿ ಅಳತೆಯೇ ಅಲ್ಲ. ಜಿಪುಣತನ ಎಂದು ನೀವು ಅಂದುಕೊಂಡರೆ ತಪ್ಪು. ಕೊಡುವಾಗಲೂ ಮೇಷ್ಟ್ರದು ಕುಕ್ಕಿದ ಅಳತೆಯೇ. ನಮಗೆಲ್ಲ ಅಂಕವನ್ನೂ ಹಾಗೇ ಹಾಕುತ್ತಿದ್ದರು.

ಕಣ್ಣಿಗೆ ಪೊರೆ ಬಂದು ರಸ್ತೆ ಮಬ್ಬಾದಾಗ ಅವರು ಶೇಷಪ್ಪಣ್ಣನನ್ನು ಕರೆದರು. ಶೇಷಪ್ಪಣ್ಣ ಕೊಪ್ಪದಲ್ಲಿ ಆ್ಯಕ್ಟಿಂಗ್ ಡ್ರೈವರ್. ಎಂದರೆ ಸ್ವಂತ ಗಾಡಿ ಇಲ್ಲ. ಗಾಡಿ ಇದ್ದು ಓಡಿಸಲಾಗದವರು ಫೋನ್ ಮಾಡಿದರೆ ಹೋಗಿ ಓಡಿಸಿಕೊಡುವುದು. ಮಂಗಳೂರಿನ ಆಸ್ಪತ್ರೆ, ಮದುವೆ, ದೇವಸ್ಥಾನ. ಈ ಕೆಲಸಕ್ಕೆ ಬೇಕಾದ ಬಂಡವಾಳ ಎರಡೇ: ಲೈಸೆನ್ಸು ಮತ್ತು ಒಳ್ಳೆಯ ಹೆಸರು. ಬೀಗದ ಕೈಯನ್ನು ಹೆಸರು ಕೆಟ್ಟವನ ಕೈಯಲ್ಲಿ ಯಾರೂ ಇಡುವುದಿಲ್ಲ.

ಪಂಪಿನಲ್ಲಿ ಮೇಷ್ಟ್ರು ಇಳಿದಾಗಲೆಲ್ಲ ಶೇಷಪ್ಪಣ್ಣ ಗೊಣಗುತ್ತಿದ್ದರು. "ಟಕ್ ಅಂತು ಸಾರ್. ಸಾಕು."

"ಅದು ಮಿಷನ್ನಿನ ಅಭಿಪ್ರಾಯ. ನಿನ್ನದೇನು?"

"ನಂದೂ ಅದೇ ಸಾರ್."

"ಹಾಗಾದ್ರೆ ನಿಮ್ಮಿಬ್ರಲ್ಲಿ ಒಬ್ರು ಸಾಕಲ್ಲ!" ಎಂದು ಮೇಷ್ಟ್ರು ಕುಕ್ಕುವುದನ್ನು ಮುಂದುವರಿಸುತ್ತಿದ್ದರು. ಹಿಂದಿನ ಸೀಟಿನಲ್ಲಿದ್ದ ನನಗೆ ನಗು.

ತಕರಾರು ಶುರುವಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಸಂಜೆ ಪೂರ್ತಿ ತುಂಬಿಸಿ ತಂದು ಶೆಡ್ಡಿನಲ್ಲಿ ನಿಲ್ಲಿಸಿದ ಕಾರಿನ ಪೆಟ್ರೋಲ್ ಮುಳ್ಳು ಬೆಳಿಗ್ಗೆ ನೋಡಿದರೆ ಇಳಿದಿರುತ್ತಿತ್ತು. ತುಂಬಿಸಿದ ಮರುದಿನ ಸ್ಟಾರ್ಟ್ ಆಗಲು ಹಟ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ. ಮೇಷ್ಟ್ರ ಹೆಂಡತಿ, ನಾವೆಲ್ಲ ಅಮ್ಮ ಎನ್ನುವವರು, ಶೆಡ್ಡಿನ ಪಕ್ಕ ಬಟ್ಟೆ ಒಣಹಾಕಲು ಹೋದಾಗೆಲ್ಲ ಹೇಳುತ್ತಿದ್ದರು: "ಹೋಯ್, ಪೆಟ್ರೋಲು ಘಮ್ ಅಂತದೆ. ನೋಡ್ಸಿ ಒಂದ್ಸಲ."

"ನಂಗೆ ಎಂತದೂ ಬರೋದಿಲ್ಲ."

"ನಿಮ್ಮ ಮೂಗಿಗೆ ನಶ್ಯ ಬಿಟ್ರೆ ಎಂತ ಬರ್ತದೆ? ನನ್ನ ಸೀರೆಗೂ ವಾಸನೆ ಹಿಡ್ದಿದೆ, ಮೂಸಿ ಬೇಕಾದ್ರೆ."

"ಅದು ಸಾಕ್ಷಿಯಲ್ಲ, ಅಭಿಪ್ರಾಯ," ಎಂದರು ಮೇಷ್ಟ್ರು.

ಹಾಗಿದ್ದೂ ದೀಪದ ಕಾರಣಕ್ಕೆ ಎನ್.ಆರ್. ಪುರದ ರಫೀಕಣ್ಣನ ಗ್ಯಾರೇಜಿಗೆ ಕಾರು ಹೋಯಿತು. ರಫೀಕಣ್ಣ ಮೊಬೈಲಿನಂಥ ಒಂದು ಯಂತ್ರವನ್ನು ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿ ಓದಿದರು. ಟ್ಯಾಂಕಿನಲ್ಲಿ ಏಳುವ ಪೆಟ್ರೋಲಿನ ಆವಿ ಹೊರಗೆ ಹೋಗದಂತೆ ಹಿಡಿದು ಎಂಜಿನ್ನಿಗೆ ಕಳಿಸುವ ಒಂದು ಏರ್ಪಾಡು ಇರುತ್ತದಂತೆ. ಅದರಲ್ಲೆಲ್ಲೋ ಲೀಕು. "ಮುಚ್ಚಳ ಸಾರ್. ನೂರಕ್ಕೆ ನೂರು ಮುಚ್ಚಳ. ಅಲ್ಲ ಅಂತಾದ್ರೆ ನನ್ನ ಹೆಸ್ರೇ ಬದಲಾಯಿಸ್ತೆ." ಹೊಸ ಮುಚ್ಚಳ ಬಂತು. ದೀಪ ಆರಿತು. ಆ ಸಂತೋಷಕ್ಕೆ ಮೇಷ್ಟ್ರು ದಾರಿಯಲ್ಲೇ ಟ್ಯಾಂಕು ಕುಕ್ಕಿ ತುಂಬಿಸಿದರು. ಕೆಲವೇ ದಿನದಲ್ಲಿ ದೀಪ ಮತ್ತೆ ಹತ್ತಿತು. ಎರಡನೆಯ ಸಲ ರಫೀಕಣ್ಣ ಬಾನೆಟ್ಟಿನೊಳಗೆ ಇಲಿ ಕಡಿದ ರಬ್ಬರ್ ಪೈಪೊಂದನ್ನು ವಿಜಯೋತ್ಸಾಹದಿಂದ ಎತ್ತಿ ತೋರಿಸಿದರು. ಇಲಿಯ ಹಲ್ಲಿನ ಗುರುತು ನಿಜವೇ. ಪೈಪ್ ಬದಲಾಯಿತು. ದಾರಿಯಲ್ಲಿ ಟ್ಯಾಂಕು ಮತ್ತೆ ತುಂಬಿತು. ದೀಪ ಮತ್ತೆ ಬಂತು, ಮುಳ್ಳು ಮತ್ತೆ ಇಳಿಯಿತು.

ಮೇಷ್ಟ್ರು ಈಗ ತರ್ಕಕ್ಕೆ ಇಳಿದರು. ಲೀಕು ಎರಡು ಸಲ ರಿಪೇರಿಯಾಗಿದೆ. ವಾಸನೆ ಇಲ್ಲ. ನೆಲದಲ್ಲಿ ಕಲೆಯೂ ಇಲ್ಲ. ಶೆಡ್ಡಿನಲ್ಲಿ ಹಾಸಿದ್ದು ಜಲ್ಲಿ, ಅದರ ಮೇಲೆ ಬಿದ್ದದ್ದು ಉಳಿಯುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಸಂಜೆ ಕಾರು ನಿಲ್ಲಿಸಿ, ಬೀಗ ಹಾಕಿ, ಬೆಳಿಗ್ಗೆ ಬೇಗ ಬೇಕೆಂದಾಗ ಬೀಗದ ಕೈ ತಾವೇ ಇಟ್ಟುಕೊಂಡು ಬೈಕಿನಲ್ಲಿ ಮನೆಗೆ ಹೋಗುವವರು ಒಬ್ಬರೇ. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ, ಇವತ್ತಿಗೂ.

ಮರುದಿನ ಕಾರ್ ಸ್ಟ್ಯಾಂಡಿನ ಕ್ಯಾಂಟೀನಿನೆದುರು ಮೇಷ್ಟ್ರು ಚಾ ಕುಡಿಯುತ್ತಿದ್ದರು. ಕೋರ್ಟಿಗೆ ಹೊರಟಿದ್ದ ನಾನೂ ಅಲ್ಲಿ ನಿಂತಿದ್ದೆ. ಆಗಷ್ಟೇ ಜೂನಿಯರ್ ವಕೀಲಳಾಗಿ ಸೇರಿದ್ದೆ, ಕಪ್ಪು ಕೋಟಿನ ಮಡಿಕೆ ಇನ್ನೂ ಹೋಗಿರಲಿಲ್ಲ. ಸುತ್ತ ಬಾಡಿಗೆ ಗಾಡಿಯವರು. ಶೇಷಪ್ಪಣ್ಣ ಬಂದು ಬೀಗದ ಕೈ ಚಾಚಿದರು.

"ಶೇಷಪ್ಪ, ನಿನ್ನ ಬೈಕು ಎಂತದ್ರಲ್ಲಿ ಓಡ್ತದೆ ಮಾರಾಯ?" ಎಂದರು ಮೇಷ್ಟ್ರು, ಪೂರ್ತಿ ಪ್ರೀತಿಯ ದನಿಯಲ್ಲಿ.

"ಪೆಟ್ರೋಲಲ್ಲಿ ಸಾರ್."

"ಹೌದಾ? ಈಚೆಗೆ ನೀನು ಬೈಕು ತಗೊಂಡು ಪಂಪಿಗೆ ಬಂದದ್ದೇ ಕಾಣ್ಲಿಲ್ಲ, ಅದಕ್ಕೆ ಕೇಳಿದೆ. ಗಾಳಿಯಲ್ಲೇ ಓಡ್ತದೇನೋ ಅಂತ."

ಗಾಡಿಯವರೆಲ್ಲ ನಕ್ಕರು. ನಾನೂ ನಕ್ಕೆ, ಪಟ್ಟು ಅಷ್ಟು ಚಂದ ಕೂತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಶೇಷಪ್ಪಣ್ಣನೂ ನಕ್ಕರು. ಅರ್ಥವಾಗುವ ಮೊದಲೇ ನಕ್ಕುಬಿಟ್ಟರು. ಅರ್ಥವಾದ ಮೇಲೆ ಆ ನಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅದು ಸ್ವಲ್ಪ ಹೊತ್ತು ಅವರ ಮುಖದಲ್ಲೇ ಉಳಿದಿತ್ತು. ಬೀಗದ ಕೈಯನ್ನು ಬಾನೆಟ್ಟಿನ ಮೇಲಿಟ್ಟು ಹೋದರು.

ಅವತ್ತಿನಿಂದ ಅವರ ಹೆಸರು ಗಾಳಿ ಶೇಷಪ್ಪ. ಯಾರೂ ಅವರನ್ನು ಏನೂ ಕೇಳಲಿಲ್ಲ, ಯಾರೂ ಏನೂ ಹೇಳಲಿಲ್ಲ. ಫೋನುಗಳು ಮಾತ್ರ ನಿಂತವು. ಮದುವೆ ಸೀಸನ್ನಿನಲ್ಲೂ ಅವರು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿರುವುದು ಕೋರ್ಟಿನಿಂದ ಬರುವಾಗ ಕಾಣುತ್ತಿತ್ತು. ನಾನು ರಸ್ತೆಯ ಆಚೆ ಬದಿಯಲ್ಲಿ ನಡೆಯಲು ಕಲಿತೆ.

ಈ ನಡುವೆ ಮೇಷ್ಟ್ರ ಕಣ್ಣಿನ ಆಪರೇಷನ್ ಆಯಿತು. ಕನ್ನಡಕ ಹೋಯಿತು. ಮುಖ ಬರಿದಾಗಿ, ವಯಸ್ಸು ಕಡಿಮೆಯಾದಂತೆಯೂ ರಕ್ಷಣೆ ಹೋದಂತೆಯೂ ಕಾಣುತ್ತಿತ್ತು. ಕಣ್ಣು ಗಟ್ಟಿಯಾಗುವವರೆಗೆ ಕಾರು ಓಡಿಸುವುದು ನನ್ನ ಪಾಲಿಗೆ ಬಂತು. ಪಂಪಿನಲ್ಲಿ ಅವರು ಇಳಿದು ಕುಕ್ಕುತ್ತಿದ್ದರು, ನಾನು ಸ್ಟಿಯರಿಂಗ್ ಹಿಡಿದು ಕೂತು ಮೇಲೆ ಕೆಳಗೆ ಆಗುತ್ತಿದ್ದೆ. ಒಂದು ಬೆಳಿಗ್ಗೆ ಬೀಗದ ಕೈ ತಿರುಗಿಸಿದಾಗ ಮುಳ್ಳು ಕಣ್ಣಿಗೆ ಬಿತ್ತು. ಹಿಂದಿನ ಸಂಜೆ ತುಂಬಿಸಿಕೊಂಡು ತಂದು ನಿಲ್ಲಿಸಿದ್ದು ನಾನೇ. ಬೀಗದ ಕೈ ಇಡೀ ರಾತ್ರಿ ಮೇಷ್ಟ್ರ ಮೇಜಿನ ಮೇಲಿತ್ತು.

"ಸಾರ್, ಇಳಿದಿದೆ."

ಅವರು ಬಗ್ಗಿ ನೋಡಿದರು. ಹೊಸ ಕಣ್ಣಲ್ಲಿ ಚೆನ್ನಾಗಿಯೇ ಕಂಡಿರಬೇಕು.

"ಶೇಷಪ್ಪಣ್ಣ ಇಲ್ಲದೆಯೂ ಇಳಿದಿದೆಯಲ್ಲ ಸಾರ್," ಎಂದೆ. ಪ್ರಶ್ನೆಯ ರೂಪದಲ್ಲಿ ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

ಅವರ ಕೈ ಕನ್ನಡಕಕ್ಕೆಂದು ಮೇಲೆ ಹೋಗಿ ಬರಿ ಮೂಗನ್ನು ಮುಟ್ಟಿ ವಾಪಸು ಬಂತು. "ಎನ್.ಆರ್. ಪುರಕ್ಕೆ ಬಿಡು," ಎಂದರು. ದಾರಿಯುದ್ದಕ್ಕೂ ನಶ್ಯದ ಡಬ್ಬಿಯನ್ನೇ ತೆಗೆಯಲಿಲ್ಲ.

ರಫೀಕಣ್ಣ ಈ ಸಲ ಒಂದು ಹೊಗೆ ಮಿಷನ್ನು ತರಿಸಿಟ್ಟಿದ್ದರು. ಎಣ್ಣೆ ಕಾಯಿಸಿ ಬಿಳಿ ಹೊಗೆ ಮಾಡಿ ಆವಿಯ ಪೈಪುಗಳೊಳಗೆ ಮೆಲ್ಲ ಊದುವ ಯಂತ್ರ. ಎಲ್ಲಿ ತೂತಿದೆಯೋ ಅಲ್ಲಿಂದ ಹೊಗೆ ಹೊರಗೆ ಬರುತ್ತದೆ. "ಇನ್ನು ತಪ್ಪೋ ಮಾತೇ ಇಲ್ಲ ಸಾರ್, ತಪ್ಪಿದ್ರೆ ನನ್ನ ಹೆಸ್ರು..."

"ಇಷ್ಟರಲ್ಲಿ ನಿನ್ನ ಹೆಸ್ರು ಎರಡು ಸಲ ಬದಲಾಗಿರ್ಬೇಕಿತ್ತಲ್ಲ ರಫೀಕಾ," ಎಂದರು ಮೇಷ್ಟ್ರು. ಆದರೆ ದನಿಯಲ್ಲಿ ಕಳೆಯಿರಲಿಲ್ಲ.

ಕಾರನ್ನು ಮೇಲಕ್ಕೆತ್ತಿ ಹೊಗೆ ಬಿಟ್ಟರು. ನಾವು ಮೂವರೂ ಕತ್ತೆತ್ತಿ ಕಾದೆವು. ಹಿಂದಿನ ಚಕ್ರದ ಬಳಿ, ಟ್ಯಾಂಕಿನ ಪಕ್ಕ ಕೂತ ಒಂದು ಕಪ್ಪು ಡಬ್ಬಿಯ ಬುಡದಿಂದ, ಊದುಬತ್ತಿಯಷ್ಟು ತೆಳ್ಳಗೆ, ಹೊಗೆ ಇಳಿಯಿತು. ಅಲ್ಲಿಗೆ ಬರುವ ರಬ್ಬರ್ ಪೈಪು ಉಬ್ಬಿ ಸೀಳಿತ್ತು. ರಫೀಕಣ್ಣ ಡಬ್ಬಿ ಬಿಚ್ಚಿದರು. ಬಿಚ್ಚಿದವರು ಕೈಯಲ್ಲಿ ತೂಗಿ ನೋಡಿ ಹುಬ್ಬು ಗಂಟಿಕ್ಕಿದರು. ಓರೆ ಮಾಡಿದರು. ಅದರೊಳಗಿಂದ ಪೆಟ್ರೋಲು ಧಾರೆಯಾಗಿ ಸುರಿಯಿತು.

"ಇದ್ರಲ್ಲಿ ಎಂತ ಇರ್ಬೇಕು?" ಮೇಷ್ಟ್ರು ಕೇಳಿದರು.

"ಇದ್ದಿಲು ಸಾರ್. ಆವಿ ಹಿಡ್ಕೊಳ್ಳೋಕೆ."

"ಪೆಟ್ರೋಲು?"

"ಆವಿ ಮಾತ್ರ. ಪೆಟ್ರೋಲು ಇದ್ರ ಹತ್ರಾನೂ ಬರ್ಬಾರ್ದು."

"ಬಂದಿದೆಯಲ್ಲ."

"ಬಂದಿದೆ. ಅದೇ ನಂಗೂ..." ರಫೀಕಣ್ಣ ತಲೆ ಕೆರೆದರು. "ಟ್ಯಾಂಕಿಂದ ಆವಿ ಪೈಪಲ್ಲಿ ಹತ್ತಿ ಬಂದಿರ್ಬೇಕು."

"ಎಷ್ಟು ತುಂಬಿದ್ರೆ ಹತ್ತುತ್ತದೆ?"

"ಟಕ್ ಅನ್ನೋವರೆಗೆ ತುಂಬಿದ್ರೆ ಇಲ್ಲ. ಮೇಲೆ ಸ್ವಲ್ಪ ಜಾಗ ಬಿಟ್ಟಿರ್ತಾರೆ ಸಾರ್, ಆವಿ ನಿಲ್ಲೋಕೆ ಅಂತ. ಆ ಜಾಗಕ್ಕೂ ತುಂಬಿದ್ರೆ..."

"ನಮ್ಮ ಶೆಡ್ಡು ಇಳಿಜಾರು. ಕಾರಿನ ಹಿಂಭಾಗ ತಗ್ಗಿಗೆ ನಿಲ್ತದೆ."

"ಹಾಗಾದ್ರೆ ಸೀದಾ ಇದಕ್ಕೇ ಬರ್ತದೆ ಸಾರ್. ಇಡೀ ರಾತ್ರಿ ಇಲ್ಲಿಂದ ತೊಟ್ಟಿಕ್ಕಿ, ಬೆಳಗಾಗೋದ್ರೊಳಗೆ ಗಾಳಿಗೆ ಹೋಗ್ತದೆ."

ಗಾಳಿಗೆ. ಆ ಶಬ್ದ ಬಂದಾಗ ನಾನು ನೆಲ ನೋಡಿದೆ.

ಮೇಷ್ಟ್ರು ನಿಲ್ಲಿಸಬಹುದಿತ್ತು. ಸಾಕ್ಷಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಈ ಮೂರು ತಾಲ್ಲೂಕಿನಲ್ಲಿಲ್ಲ. ಅವರು ಮುಂದಿನ ಪ್ರಶ್ನೆಯನ್ನೂ ಕೇಳಿದರು. "ಆ ಜಾಗ ತುಂಬಿಸಿದ್ದು ಯಾರು?"

"ಪಂಪಿನವರೇ ಇರ್ಬೇಕು ಸಾರ್. ಅವ್ರಿಗೆಂತ, ಸುರಿಯೋದೇ ಕೆಲ್ಸ."

"ಪಂಪಿನವರಲ್ಲ."

"ಡಬ್ಬಿಯದ್ದೇ ಡಿಫೆಕ್ಟ್ ಇರ್ಬೋದು. ಕೆಲವು ಬರ್ತಾವೆ ಹಾಗೆ. ಯಾರಾದ್ರೂ ಕೇಳಿದ್ರೆ ಅದನ್ನೇ ಹೇಳಿ ಸಾರ್."

ಎಷ್ಟು ಅಗಲದ ಹಿತ್ತಿಲ ಬಾಗಿಲು! ರಫೀಕಣ್ಣ ಅದನ್ನು ಪ್ರೀತಿಯಿಂದಲೇ ತೆರೆದಿಟ್ಟಿದ್ದರು. ಮೇಷ್ಟ್ರು ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡರು. "ಶೇಷಪ್ಪ ಪ್ರತಿ ಸಲ ಹೇಳಿದ್ದ," ಎಂದರು. ಯಾರಿಗೆ ಹೇಳಿದರೋ.

ಹೊಸ ಡಬ್ಬಿ ತರಿಸಿ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಹೊಸ ಪೈಪು, ಹೊಸ ಕ್ಲಿಪ್ಪು, ಮತ್ತೊಮ್ಮೆ ಹೊಗೆ. ಎಲ್ಲೂ ಬರಲಿಲ್ಲ. ದೀಪ ಆರಿತು. ಇಷ್ಟು ಸಣ್ಣ ಕೆಲಸವಾಗಿತ್ತು ಅದು.

ವಾಪಸು ಬರುವಾಗ ಮನೆಯ ದಾರಿಗೆ ತಿರುಗಿಸಲು ಹೋದರೆ, "ಸ್ಟ್ಯಾಂಡಿಗೆ ಬಿಡು," ಎಂದರು. ನನಗೆ ವಿಷಯ ತಿಳಿಯಿತು. ತಿಳಿದದ್ದೇ ವಾದಕ್ಕಿಳಿದೆ. ಅವರು ಕಲಿಸಿದ್ದನ್ನೆಲ್ಲ ಅವರ ಪರವಾಗಿ ಅವರೆದುರೇ ಬಳಸಿದೆ. "ನೀವು ಆರೋಪ ಮಾಡ್ಲೇ ಇಲ್ಲ ಸಾರ್. ಬೈಕಿನ ಬಗ್ಗೆ ಕೇಳಿದ್ರಿ. ತಮಾಷೆ ಅದು. ಹಿಂತೆಗೆದುಕೊಳ್ಳೋಕೆ ಅಲ್ಲಿ ಎಂತದೂ ಇಲ್ಲ. ಬೇಕಿದ್ರೆ ಶೇಷಪ್ಪಣ್ಣನ್ನ ಮನೆಗೆ ಕರೆಸಿ, ಒಂದು ಕಾಫಿ ಕೊಟ್ಟು, ಹೀಗಾಯ್ತಪ್ಪಾ ಅಂತ..."

"ಬೀದಿಯಲ್ಲಿ ಹೇಳಿದ್ದನ್ನ ಜಗಲಿಯಲ್ಲಿ ವಾಪಸ್ ತಗೊಳ್ಳೋದಾ?"

"ನೀವು ಹೇಳ್ಲಿಲ್ಲ ಅಂತಲೇ ಸಾರ್ ನನ್ನ ವಾದ!"

"ನಿನ್ನ ವಾದ ಚೆನ್ನಾಗಿದೆ," ಎಂದರು. "ನಾನೇ ಕಲ್ಸಿದ್ದು. ಅದಕ್ಕೇ ಹೇಸಿಗೆಯಾಗ್ತದೆ."

ಕ್ಯಾಂಟೀನಿನೆದುರು ಅದೇ ಜಾಗದಲ್ಲಿ, ಬಾನೆಟ್ಟಿನ ಪಕ್ಕ, ನಿಂತರು. ಶೇಷಪ್ಪಣ್ಣ ಕಟ್ಟೆಯ ಮೇಲಿದ್ದರು. "ಎಲ್ಲ ಸ್ವಲ್ಪ ಕೇಳಿ," ಎಂದರು ಮೇಷ್ಟ್ರು. "ನಾನು ಇಲ್ಲೇ ನಿಂತು ಶೇಷಪ್ಪನ್ನ ಪೆಟ್ರೋಲ್ ಕಳ್ಳ ಅಂದೆ."

ಕ್ಯಾಂಟೀನಿನ ಯಜಮಾನರು ಗಾಬರಿಯಾಗಿ, "ಇಲ್ಲಪ್ಪ ಸಾರ್! ನೀವೆಲ್ಲಿ ಹಾಗಂದ್ರಿ? ಎಂತದೋ ತಮಾಷೆಗೆ ಕೇಳಿದ್ರಿ," ಎಂದರು.

"ಅಂದೆ."

"ಅಂದಿಲ್ಲ ಸಾರ್, ನಾವೆಲ್ಲ ಇದ್ದೆವಲ್ಲ," ಎಂದ ಒಬ್ಬ ಗಾಡಿಯವ.

"ಅಂದೆ ಅಂತ ನಾನೇ ಹೇಳ್ತಿದ್ದೇನಲ್ಲ ಮಾರಾಯ! ಕೇಳಿದ ಹಾಗೆ ಮಾಡಿ ಅಂದೆ. ನೀವೆಲ್ಲ ನಕ್ಕಿರಿ. ಅರ್ಥ ಆಗದೆ ನಕ್ಕಿರಾ?"

ಮೇಷ್ಟ್ರ ಜೀವನದ ಅತಿ ಕಷ್ಟದ ಚರ್ಚೆ ಅದೇ ಇರಬೇಕು. ಅವರ ಅಪರಾಧವನ್ನು ಅವರೇ ಸಾಧಿಸಿ ತೋರಿಸಬೇಕಾಗಿತ್ತು, ಊರೆಲ್ಲ ಅವರ ಪರ ವಕಾಲತ್ತು ಮಾಡುತ್ತಿತ್ತು. ಕುಕ್ಕಿದ್ದನ್ನು ಹೇಳಿದರು, ಡಬ್ಬಿಯನ್ನು ಹೇಳಿದರು, ಅಮ್ಮನಿಗೆ ಬಂದ ವಾಸನೆಯನ್ನು, ಶೇಷಪ್ಪಣ್ಣನ ಟಕ್ಕನ್ನು, ಅದಕ್ಕೆ ತಾವು ಕೊಟ್ಟ ಉತ್ತರವನ್ನು. "ಪೆಟ್ರೋಲು ಗಾಳಿಗೆ ಹೋದದ್ದು ನನ್ನ ಕೈಯಿಂದ. ಅವ ಒಂದು ತೊಟ್ಟು ಮುಟ್ಟಿದವನಲ್ಲ."

ಶೇಷಪ್ಪಣ್ಣ ಕಟ್ಟೆಯಿಂದ ಇಳಿದು ಬಂದರು. ತಬ್ಬಿಕೊಳ್ಳುತ್ತಾರೆ, ಇಲ್ಲವೇ ಕಾಲು ಮುಟ್ಟುತ್ತಾರೆ, ಮುಗಿಯುತ್ತದೆ ಎಂದುಕೊಂಡೆ. ಅವರು ಒಂದು ಮಾರು ದೂರದಲ್ಲೇ ನಿಂತರು.

"ಸಾರ್, ಇಷ್ಟು ದಿನ ಜನ ನಂಗೆ ಗಾಳಿ ಅಂತಿದ್ರು. ಕಳ್ಳ ಅಂತ ಯಾರೂ ಬಾಯಿಬಿಟ್ಟು ಅಂದಿರ್ಲಿಲ್ಲ. ಆ ಶಬ್ದ ಮೊದ್ಲು ಇವತ್ತು ನಿಮ್ಮ ಬಾಯಲ್ಲೇ ಕೇಳಿದ್ದು."

ಮೇಷ್ಟ್ರ ಕೈ ಮೇಲೆ ಹೋಯಿತು. ಒರೆಸಲು ಏನೂ ಇರಲಿಲ್ಲ. ಬೆರಳುಗಳು ಮೂಗಿನ ಮೇಲೆ, ಕನ್ನಡಕ ಕೂತು ಕೂತು ಆಗಿದ್ದ ಎರಡು ಕುಳಿಗಳ ಮೇಲೆ, ಸ್ವಲ್ಪ ಹೊತ್ತು ನಿಂತವು.

"ಹೌದು," ಎಂದರು. "ಅದೂ ಹೌದು."

ಆ ಉತ್ತರಕ್ಕೆ ಬಾಗಿಲುಗಳೇ ಇರಲಿಲ್ಲ.

ಆಮೇಲೆ ಎಲ್ಲ ಸರಿಹೋಯಿತೆಂದು ಬರೆದರೆ ಓದುವವರಿಗೆ ನೆಮ್ಮದಿ. ಶೇಷಪ್ಪಣ್ಣನಿಗೆ ಫೋನುಗಳು ಮೆಲ್ಲಮೆಲ್ಲಗೆ ಮತ್ತೆ ಬಂದವು. ಮೇಷ್ಟ್ರ ಕಾರನ್ನು ಮಾತ್ರ ಅವರು ಮತ್ತೆ ಮುಟ್ಟಲಿಲ್ಲ. ಗಾಳಿ ಎಂಬ ಹೆಸರು ಹೋಗಲೇ ಇಲ್ಲ. ಇಂಥ ಹೆಸರುಗಳಿಗೆ ಕಾರಣ ಬೇಕಾಗುವುದು ಹುಟ್ಟುವಾಗ ಮಾತ್ರ. ಯಾರಾದರೂ "ಗಾಳಿ ಶೇಷಪ್ಪ" ಎಂದದ್ದು ಕಿವಿಗೆ ಬಿದ್ದರೆ ಮೇಷ್ಟ್ರು ಎಲ್ಲಿದ್ದರೂ, ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡಕ್ಕೆ ಸೋಪು ಬಳಿದುಕೊಂಡಿದ್ದಾಗಲೂ, "ಬರೀ ಶೇಷಪ್ಪ," ಎಂದು ತಿದ್ದುತ್ತಿದ್ದರು. ಜನ ಅದನ್ನು ಮುದುಕರ ಹಟವೆಂದು ತಿಳಿದು ನಗುತ್ತಿದ್ದರು. ಸಂಜೆಯ ಚಾಕ್ಕೆ ದಿನವೂ ಅದೇ ಕ್ಯಾಂಟೀನಿಗೆ ಹೋಗುತ್ತಿದ್ದರು. "ಅಲ್ಲಿಗೆ ಹೋಗ್ಲಿಕ್ಕೆ ನಾಚಿಕೆಯಾಗ್ತದೆ ಅಂತಾರೆ, ಮತ್ತೆ ಅಲ್ಲಿಗೇ ಹೋಗ್ತಾರೆ. ಎಂತ ಮಾಡೋದು ಇವರನ್ನ?" ಎಂದು ಅಮ್ಮ ನನ್ನನ್ನು ಕೇಳಿದ್ದರು. ಅಲ್ಲಿ ಅವರು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ನಿಂತೇ ಕುಡಿಯುತ್ತಿದ್ದರು.

ಮಕ್ಕಳಿಗೆ ಚರ್ಚೆ ಕಲಿಸುವುದನ್ನು ಬಿಡಲಿಲ್ಲ. ಆದರೆ ಯಾರಾದರೂ ನನ್ನ ಮೈಕಿನ ಪ್ರಶ್ನೆಯಂಥದ್ದನ್ನು ಎಸೆದರೆ ನಡುವೆಯೇ ತಡೆಯುತ್ತಿದ್ದರು. "ಉತ್ತರ ಗೊತ್ತಿಲ್ಲದಿದ್ರೆ ಮಾತ್ರ ಪ್ರಶ್ನೆ ಕೇಳು ಮಾರಾಯ." ಕೋರ್ಟಿನಲ್ಲಿ ನನ್ನ ಸೀನಿಯರು ಹೇಳಿಕೊಡುವುದು ಇದಕ್ಕೆ ನೇರ ವಿರುದ್ಧ. ನನ್ನ ಹೊಟ್ಟೆ ತುಂಬುವುದು ಸೀನಿಯರ ಪಾಠದಿಂದ. ಸಾಕ್ಷಿಯ ಕಟಕಟೆಯಲ್ಲಿ ಯಾರಾದರೂ ನನ್ನ ಪ್ರಶ್ನೆ ಅರ್ಥವಾಗುವ ಮೊದಲೇ ನಕ್ಕಾಗ ಮಾತ್ರ ನನಗೆ ಮುಂದಿನ ಪ್ರಶ್ನೆ ಮರೆತುಹೋಗುತ್ತದೆ.

ಸಂತಾಪ ಸಭೆಗೆ ಬರುತ್ತೇನೆ. ನನ್ನ ಹೆಸರು ಕರೆದರು. ಎದ್ದು ನಿಂತಾಗಲೇ ಹಿಂದಿನಿಂದ "ಒಂದು ಮಾತು," ಎಂಬ ದನಿ ಬಂತು. ಯಾರದೋ ನೆಂಟರ ಕಾರು ಓಡಿಸಿಕೊಂಡು ಬಂದಿದ್ದ ಶೇಷಪ್ಪಣ್ಣ ಬಾಗಿಲ ಬಳಿ ನಿಂತಿದ್ದರು. ನಾನು ಮುಂದೆ ಹೋಗಲಿಲ್ಲ. ಅವರು ಮೈಕಿನ ಹತ್ತಿರ ಬರಲಿಲ್ಲ.

"ಸಾರ್ ನನ್ನ ಒಂದ್ಸಲ ಕಳ್ಳ ಅಂದಿದ್ರು. ಆಮೇಲೆ ಅಲ್ಲ ಅಂದ್ರು. ಎರಡನ್ನೂ ಅದೇ ಜಾಗದಲ್ಲಿ ನಿಂತು, ಅದೇ ಜನರೆದುರು ಅಂದ್ರು. ಅಷ್ಟೇ."

ವೇದಿಕೆಯ ಮೇಲಿದ್ದವರು ಫೋಟೋದ ಕಡೆಗೂ ಬಾಗಿಲ ಕಡೆಗೂ ನೋಡಿದರು. ಮುಂದಿನ ಸಾಲಿನಲ್ಲಿದ್ದ ಹಳೆಯ ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, ಇಲ್ಲ ಎನ್ನು ಎಂಬಂತೆ ಮೆಲ್ಲಗೆ ಕೇಳಿದರು: "ನೀನು ಅವರ ಜೊತೆ ಇರ್ತಿದ್ದಿಯಲ್ಲಮ್ಮ. ಸಾರ್ ಹಾಗೆಲ್ಲ ಅಂದಿರ್ಲಿಕ್ಕಿಲ್ಲ, ಅಲ್ದಾ?"

ಅಂದಿರಲಿಲ್ಲ, ಬೈಕು ಎಂತದ್ರಲ್ಲಿ ಓಡ್ತದೆ ಅಂತ ಕೇಳಿದ್ದರಷ್ಟೇ. ವಾಕ್ಯ ಪೂರ್ತಿಯಾಗಿ ನನ್ನ ನಾಲಿಗೆಯ ಮೇಲಿತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಫೋಟೋದಲ್ಲಿ ಮೇಷ್ಟ್ರು ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಅಂದಿದ್ರು," ಎಂದೆ. "ನಾನು ಪಕ್ಕದಲ್ಲಿ ನಗ್ತಾ ನಿಂತಿದ್ದೆ."

ಬಾಗಿಲ ಬಳಿ ಶೇಷಪ್ಪಣ್ಣ ಒಂದು ಖಾಲಿ ಕುರ್ಚಿ ಎಳೆದುಕೊಂಡು ಕೂತರು.